ಮನೆಯ ಟಿ.ವಿ., ಮಕ್ಕಳ ಕನ್ನಡ: ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನಿಮ್ಮಲ್ಲಿ ಹಲವರು ಕೇಳುವುದು ಒಂದೇ: ಟಿ.ವಿ. ಕನೆಕ್ಷನ್ ತೆಗೆಸಿಬಿಡೋಣವೇ? ಬೇಡ. ತೆಗೆಸಿದರೆ ಹಿಂದಿ, ಮರಾಠಿಗೆ ನಷ್ಟವಿಲ್ಲ, ಅವು ಮುಂಬಯಿಯ ಬೀದಿಯಲ್ಲೇ ಸಿಗುತ್ತವೆ. ಮನೆಯ ಹೊರಗೆ ಕಿವಿಗೆ ಬೀಳದಿರುವುದು ಕನ್ನಡ ಮಾತ್ರ.

ಮುಂಬಯಿಗೆ ದೂರದರ್ಶನ ಬಂದದ್ದು 1972ರಲ್ಲಿ. ಕನ್ನಡ ಬೇಕೆಂದರೆ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಸರದಿಗೆ ಕಾಯಬೇಕಿತ್ತು. ನೆಲದ ಟವರಿನ ಸಿಗ್ನಲ್ ಊರಿನ ಆಸುಪಾಸಿಗೆ ಮುಗಿಯುತ್ತದೆ. ಉಪಗ್ರಹದ್ದು ಇಡೀ ದೇಶದ ಮೇಲೆ ಬೀಳುತ್ತದೆ. ಹಾಗಾಗಿ 1994ರಲ್ಲಿ ಉದಯ ಟಿ.ವಿ. ಶುರುವಾದ ಮೇಲೆ ಬೆಂಗಳೂರಿನ ಮನೆ, ಡೊಂಬಿವಲಿಯ ಮನೆ ಎರಡರಲ್ಲೂ ಒಂದೇ ಹೊತ್ತಿಗೆ ಒಂದೇ ಧಾರಾವಾಹಿ.

ತೊಡಕು ಇರುವುದೂ ಅಲ್ಲೇ. ಚಾನೆಲ್‌ಗಳ ರೇಟಿಂಗ್ ಲೆಕ್ಕ ಕರ್ನಾಟಕದ್ದು, ಮಾತು ಹೆಚ್ಚಾಗಿ ಬೆಂಗಳೂರು–ಮೈಸೂರು ಕಡೆಯದು. ನಮ್ಮ ಮಕ್ಕಳ ಮನೆಗಳು ವಿಜಯಪುರ, ಕಲಬುರಗಿ, ಉಡುಪಿ, ಮಂಗಳೂರು ಕಡೆಯವು. ಅಜ್ಜಿ ‘ಮಾಡಾಕತ್ತೀನಿ’ ಅಂದರೆ, ಅಮ್ಮ ‘ಉಂಟು’ ಅಂದರೆ, ಅದು ತಪ್ಪು ಕನ್ನಡ ಎಂದು ಮಗು ತಿದ್ದಲು ಹೊರಡುತ್ತದೆ. ಧಾರಾವಾಹಿಯಲ್ಲಿ ಉತ್ತರ ಕರ್ನಾಟಕದ ಮಾತು ಬಂದರೂ ಬಹಳ ಸಲ ನಗಿಸುವ ಪಾತ್ರದ ಬಾಯಲ್ಲಿ ಬರುತ್ತದೆ. ಮಗು ಅದನ್ನೂ ಗಮನಿಸುತ್ತದೆ. ಹಬ್ಬಗಳದ್ದೂ ಇದೇ ಕಥೆ: ವರಮಹಾಲಕ್ಷ್ಮಿ ಪೂಜೆ ಕ್ರಮವಾಗಿ ಗೊತ್ತು, ತಮ್ಮದೇ ಮನೆಯ, ಉತ್ತರ ಕರ್ನಾಟಕದ ರೊಟ್ಟಿ ಪಂಚಮಿಯೋ ತುಳುನಾಡಿನ ಕೆಡ್ಡಸವೋ ಗೊತ್ತಿಲ್ಲ.

ಇದಕ್ಕೆ ಮದ್ದು ಹೀಗಿದೆ. ದಿನಕ್ಕೊಂದೇ ಧಾರಾವಾಹಿ, ಅರ್ಧ ಗಂಟೆ, ಜೊತೆಗೆ ಮನೆಯ ಹಿರಿಯರೊಬ್ಬರು ಕೂತಿರಲಿ. ಮುಗಿದ ಕೂಡಲೇ ಟಿ.ವಿ. ಆರಿಸಿ, ಅಂದಿನ ಕಥೆಯನ್ನು ಮಗು ಮನೆಯ ಮಾತಿನಲ್ಲಿ ಐದು ನಿಮಿಷ ಹೇಳಲಿ. ತುಳು ಮನೆಯಾದರೆ ತುಳುವಿನಲ್ಲೇ. ನಡುವೆ ತಿದ್ದಬೇಡಿ, ತಿದ್ದಿದರೆ ಮಗು ಮರುದಿನ ‘ಏನೂ ಆಗಲಿಲ್ಲ’ ಎಂದು ಮುಗಿಸಿಬಿಡುತ್ತದೆ. ಆಮೇಲೆ ನೋಟುಬುಕ್ಕಿನಲ್ಲಿ ಎರಡು ಕಾಲಮ್: ಟಿ.ವಿ.ಯ ಪದ, ಮನೆಯ ಪದ. ದಿನಕ್ಕೆ ಎರಡು ಸಾಕು. ಅಲ್ಲಿ ಆಲೂಗಡ್ಡೆ, ಇಲ್ಲಿ ಬಟಾಟೆ. (ಬಟಾಟೆ ಪೋರ್ಚುಗೀಸರಿಂದ ಬಂದ ಮಾತು, ಮರಾಠಿಯ ಬಟಾಟಾ ಅದರ ನೆಂಟ. ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ.) ಶನಿವಾರದ ಕನ್ನಡ ತರಗತಿಗೆ ಆ ಪುಸ್ತಕ ತರಲಿ. ಪರೀಕ್ಷೆಗೆ ಬಾಲಭಾರತಿ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ) ಪಠ್ಯದ ಬರಹದ ಕನ್ನಡವೇ ಬೇಕು, ಅದನ್ನು ನಾವು ಕಲಿಸುತ್ತೇವೆ.

ಹೊತ್ತಿನ ಮಿತಿಯ ಬಗ್ಗೆ ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ: ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ಐದರವರೆಗೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ. ಮೊಬೈಲೂ ಇದೇ ಲೆಕ್ಕದಲ್ಲಿ.

ಇನ್ನು ಚಾನೆಲ್ ವಿಷಯ. ಮುಂಬಯಿಯ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಮರಾಠಿ, ಹಿಂದಿಯೇ ತುಂಬಿರುತ್ತವೆ. ಕನ್ನಡಕ್ಕೆಂದು ಕೇಬಲ್‌ನವರು ದೊಡ್ಡ ಪ್ಯಾಕ್ ತೋರಿಸಿದರೆ ಒಪ್ಪಬೇಡಿ. 2019ರಿಂದ ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಕೊಳ್ಳುವ ಹಕ್ಕು ನಿಮಗಿದೆ. ಬಿಡಿ ಬೆಲೆ, ಅದರ ಮೇಲೆ ಶೇ. 18 ಜಿಎಸ್‌ಟಿ, ಎರಡನ್ನೂ ಕೂಡಿಸಿ ಪ್ಯಾಕಿನ ಬೆಲೆಯೊಂದಿಗೆ ಹೋಲಿಸಿ. ಎರಡೇ ಚಾನೆಲ್ ಸಾಕಾದರೆ ಬಿಡಿಯೇ ಅಗ್ಗ ಬೀಳಬಹುದು. ದೂರದರ್ಶನದ ಚಂದನಕ್ಕೆ ಚಾನೆಲ್ ಶುಲ್ಕವೇ ಇಲ್ಲ. ಕೆಲವು ಕಾರ್ಟೂನ್ ಚಾನೆಲ್‌ಗಳಲ್ಲಿ ಕನ್ನಡ ಧ್ವನಿಯೂ ಇರುತ್ತದೆ: ರಿಮೋಟಿನ ಆಡಿಯೊ ಅಥವಾ ಲ್ಯಾಂಗ್ವೇಜ್ ಬಟನ್ ಒತ್ತಿ ಆರಿಸಿ. ಕೆಲವು ಬಾಕ್ಸ್‌ಗಳು ಗೋಡೆಯ ಸ್ವಿಚ್ ಆರಿಸಿದರೆ ಮತ್ತೆ ಹಳೆಯ ಭಾಷೆಗೇ ಮರಳುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಬದಲಿಸಿಟ್ಟರೆ ಆ ಕಾಟವಿಲ್ಲ.

ಡಿಶ್ ಇರುವವರು ಜೋರು ಮಳೆಯಲ್ಲಿ ಚಿತ್ರ ಹೋಯಿತೆಂದು ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ. ಮಳೆಹನಿ ಆ ಸಿಗ್ನಲ್ಲನ್ನು ಹೀರುತ್ತದೆ, ಮಳೆ ತಗ್ಗಿದರೆ ತಾನೇ ಬರುತ್ತದೆ. ಒಣ ಹವೆಯಲ್ಲೂ ಬರದಿದ್ದರೆ ಮೊದಲು ಕೇಬಲ್ ತುದಿಯ ಕನೆಕ್ಟರಿನಲ್ಲಿ ನೀರು ಸೇರಿದೆಯೇ ನೋಡಿ. ಮಳೆಗಾಲಕ್ಕೆಂದು ಸೊಸೈಟಿಯವರು ಕಟ್ಟಿದ ನೀಲಿ ತಾಡಪಾಲು ಡಿಶ್‌ಗೆ ಅಡ್ಡ ಬಂದಿದೆಯೇ ಅದನ್ನೂ ನೋಡಿ.

ಪ್ಯಾಕ್ ಬದಲಿಸಲು ತಿಳಿಯದವರು ಶನಿವಾರ ಶಾಲೆ ಬಿಟ್ಟ ಮೇಲೆ, ಕಳೆದ ತಿಂಗಳ ಬಿಲ್ಲು ಮತ್ತು ಗ್ರಾಹಕ ಸಂಖ್ಯೆ ಹಿಡಿದು ಕಂಪ್ಯೂಟರ್ ಕೋಣೆಗೆ ಬನ್ನಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಕನ್ನಡ ಮಾಧ್ಯಮ ಶಾಲೆ, ಮುಂಬಯಿ