ಪೋಷಕರಿಗೆ ಪತ್ರ: ಬಾವುಟ, ಅನ್‌ಫರ್ಲ್ ಮತ್ತು ನಮ್ಮ ಮಕ್ಕಳ ಇಂಗ್ಲಿಷ್

ಪ್ರೀತಿಯ ಪೋಷಕರೇ, ನಮಸ್ಕಾರ.

ಕ್ಲಾಸ್ ಗ್ರೂಪುಗಳಲ್ಲಿ ಈಗ ಒಂದೇ ಮೆಸೇಜು ತಿರುಗ್ತಾ ಉಂಟು. ಆಗಸ್ಟ್ 15ಕ್ಕೆ ಮಕ್ಕಳಿಗೆ ಕೊಟ್ಟ ಇಂಗ್ಲಿಷ್ ನಿರೂಪಣೆಯ ಸ್ಕ್ರಿಪ್ಟಲ್ಲಿ ಅನ್‌ಫರ್ಲ್ ಅಂತ ಬರೆದಿದ್ದಾರೆ, ಅದು ತಪ್ಪು, ಅನ್‌ಫರ್ಲ್ ಜನವರಿ 26ಕ್ಕೆ ಮಾತ್ರ, ಈ ದಿನ ಹಾಯ್ಸ್ಟ್ ಅಂತಲೇ ಹೇಳ್ಬೇಕು ಅಂತ. ಕೆಲವರು ಮನೆಯಲ್ಲೇ ಪೆನ್ನಲ್ಲಿ ಹೊಡೆದು ತಿದ್ದಿ ಕಳಿಸಿದ್ದೀರಿ. ಈಗ ಪ್ರಾಕ್ಟೀಸಲ್ಲಿ ಆ ಸಾಲು ಬಂದ ಕೂಡಲೇ ಮಕ್ಕಳು ನಿಂತು ಟೀಚರ ಮುಖ ನೋಡ್ತಾರೆ, ಅಪ್ಪ ಹೇಳಿದ್ದು ಸರಿಯಾ ಟೀಚರ್ ಹೇಳಿದ್ದು ಸರಿಯಾ ಅಂತ, ಅದಕ್ಕೇ ಈ ಪತ್ರ ಬರೀತಾ ಇದ್ದೇನೆ.

ಆ ಮೆಸೇಜಲ್ಲಿ ಅರ್ಧ ನಿಜ ಉಂಟು. ಸ್ವಾತಂತ್ರ್ಯ ದಿನ ಕೆಂಪುಕೋಟೆಯಲ್ಲಿ ಪ್ರಧಾನಿ ಹಗ್ಗ ಎಳೆದಾಗ ಬಾವುಟ ಕೆಳಗಿಂದ ಮೇಲಕ್ಕೆ ಹೋಗ್ತದೆ. ಗಣರಾಜ್ಯೋತ್ಸವದ ದಿನ ಕರ್ತವ್ಯ ಪಥದಲ್ಲಿ ಬಾವುಟ ಮೊದಲೇ ಕಂಬದ ತುದಿಯಲ್ಲಿ ಸುತ್ತಿ ಕಟ್ಟಿ ಇರ್ತದೆ, ರಾಷ್ಟ್ರಪತಿ ಅದನ್ನು ಬಿಡಿಸ್ತಾರೆ ಅಷ್ಟೆ. ಮೇಲೆ ಏರಿಸುವುದು ಹಾಯ್ಸ್ಟ್, ಸುತ್ತಿಟ್ಟದ್ದನ್ನು ಬಿಡಿಸುವುದು ಅನ್‌ಫರ್ಲ್, ಇಲ್ಲಿವರೆಗೆ ಸರಿಯೇ. ಆದ್ರೆ ಇದರಿಂದ ಆಗಸ್ಟ್ 15ಕ್ಕೆ ಅನ್‌ಫರ್ಲ್ ಅಂದ್ರೆ ಬಾವುಟಕ್ಕೆ ಅವಮಾನ ಅನ್ನುವವರೆಗೆ ಹೋದದ್ದು ಸರಿಯಲ್ಲ. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆಯಲ್ಲಿ ಶಾಲೆಗಳಿಗೇ ಅಂತ ಒಂದು ಭಾಗ ಉಂಟು. ಮಕ್ಕಳು ಮೂರು ಕಡೆ ಸಾಲಾಗಿ ನಿಲ್ಬೇಕು, ನಾಲ್ಕನೇ ಬದಿಯ ನಡುವಲ್ಲಿ ಧ್ವಜಸ್ತಂಭ, ಅದರಿಂದ ಮೂರು ಹೆಜ್ಜೆ ಹಿಂದೆ ಹೆಡ್‌ಮಾಸ್ಟ್ರು, ವಿದ್ಯಾರ್ಥಿ ನಾಯಕ ಮತ್ತೆ ಬಾವುಟ ಬಿಡಿಸುವವರು ನಿಲ್ಬೇಕು ಅಂತ ಅದರಲ್ಲಿ ಬರ್ತದೆ. ಅಲ್ಲಿ ಬಾವುಟ ಬಿಡಿಸುವವರು ಅನ್ನಲಿಕ್ಕೆ ಇಂಗ್ಲಿಷಲ್ಲಿ ಬಳಸಿದ್ದು ಇದೇ ಅನ್‌ಫರ್ಲ್. ಜನವರಿಗೆ ಮಾತ್ರ ಅಂತ ಅಲ್ಲಿ ಹೇಳಿಲ್ಲ. ಅಷ್ಟೇ ಅಲ್ಲ, ಬಾವುಟದೊಳಗೆ ಹೂವಿನ ಎಸಳು ಇಡ್ಲಿಕ್ಕೆ ಅನುಮತಿ ಕೊಡುವ ವಾಕ್ಯದಲ್ಲೂ ಅನ್‌ಫರ್ಲ್ ಮಾಡುವ ಮೊದಲು ಅಂತಲೇ ಉಂಟು, ಅದರಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ ಎರಡರ ಹೆಸರೂ ಒಟ್ಟಿಗೆ ಉಂಟು.

ನಮ್ಮ ಶಾಲೆಯ ಅಂಗಳದಲ್ಲಿ ಆಗುವುದನ್ನೇ ನೋಡಿ. ಹಿಂದಿನ ದಿನ ಪಿಟಿ ಮಾಸ್ಟ್ರು ಬಾವುಟವನ್ನು ಮಡಚಿ ಸುತ್ತಿ, ಒಳಗೆ ಎಸಳು ಹಾಕಿ, ಎಳೆದ್ರೆ ಬಿಚ್ಚಿಕೊಳ್ಳುವ ಹಾಗೆ ಸಡಿಲ ಗಂಟು ಹಾಕಿ ತಯಾರು ಮಾಡ್ತಾರೆ. ಬೆಳಿಗ್ಗೆ ಅದು ಮೇಲೆ ಏರ್ತದೆ, ಅದು ಹಾಯ್ಸ್ಟ್. ಮತ್ತೆ ಒಂದು ಎಳೆತಕ್ಕೆ ಗಂಟು ಬಿಚ್ಚಿ ಎಸಳು ಉದುರಿ ಬಟ್ಟೆ ಹರಡಿಕೊಳ್ತದೆ, ಅದು ಅನ್‌ಫರ್ಲ್. ಎರಡೂ ಕೆಲಸ ಒಂದೇ ನಿಮಿಷದಲ್ಲಿ ಆಗ್ತದೆ, ಹಾಗಾಗಿ ನಮ್ಮ ಸ್ಕ್ರಿಪ್ಟಲ್ಲಿ ಎರಡೂ ಪದ ಉಂಟು, ಎರಡೂ ಇರ್ತದೆ. ಆಗಸ್ಟ್ ಅಂದ್ರೆ ನಮ್ಮ ಮಂಗಳೂರಲ್ಲಿ ಮಳೆ ನಿಂತಿರುವುದಿಲ್ಲ, ನೆನೆದ ಹಗ್ಗ ಬಿಗಿ ಆಗ್ತದೆ, ನೆನೆದ ಬಟ್ಟೆ ಒಂದಕ್ಕೊಂದು ಅಂಟ್ತದೆ. ಅಂಥ ದಿನ ಬಾವುಟ ಚಂದ ಏರಿಯೂ ಬಿಡಿಸಿಕೊಳ್ಳದೆ ಹಾಗೇ ನಿಲ್ಲಬಹುದು. ಹಾಯ್ಸ್ಟ್ ಆಯ್ತು, ಅನ್‌ಫರ್ಲ್ ಆಗ್ಲಿಲ್ಲ ಅಂತ ಆಗ ಮಗು ಹೇಳಿದ್ರೆ ಆ ಮಗುವಿಗೆ ಇಂಗ್ಲಿಷ್ ಬಂತು ಅಂತಲೇ ನಾನು ಲೆಕ್ಕ ಹಾಕ್ತೇನೆ.

ಏರಿಸುವುದನ್ನು ನಮ್ಮ ಊರಿನ ಮಕ್ಕಳಿಗೆ ಹೇಳಿಕೊಡ್ಲಿಕ್ಕೇ ಬೇಡ, ದೇವಸ್ಥಾನದ ಜಾತ್ರೆಗೆ ಕೊಡಿ, ಅಂದ್ರೆ ದೇವರ ಬಾವುಟ, ಏರುವುದನ್ನು ಅವರು ನೋಡಿದ್ದಾರೆ. 1837ರಲ್ಲಿ ಅಮರ ಸುಳ್ಯದ ರೈತರು ದಂಡು ಕಟ್ಟಿಕೊಂಡು ಇಲ್ಲಿವರೆಗೆ ಬಂದು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ಜಾಗ ಬಾವುಟಗುಡ್ಡೆ, ದಿನಾ ಬಸ್ಸಲ್ಲಿ ಅದರ ಬುಡದಲ್ಲೇ ಹೋಗುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಒಂದು ಸಲ ಕರ್ಕೊಂಡು ಹೋಗಿ ತೋರಿಸಿ.

ಮಕ್ಕಳಿಗೆ ನಿಜವಾಗಿ ಕಷ್ಟ ಆಗುವುದು ಅನ್‌ಫರ್ಲಲ್ಲಿ. ಡಿಕ್ಷನರಿಯಲ್ಲಿ ತೆರೆ, ಬಿಡಿಸು, ಹರಡು ಅಂತ ಇರ್ತದೆ, ಅದನ್ನು ನೋಡಿ ಬಾಗಿಲು ಅನ್‌ಫರ್ಲ್ ಮಾಡಿದೆ, ಟಿಫಿನ್ ಅನ್‌ಫರ್ಲ್ ಮಾಡಿದೆ ಅಂತ ಬರೀತಾರೆ. ಫರ್ಲ್ ಅಂದ್ರೆ ಹಡಗಿನವರ ಮಾತು, ಹಾಯಿಯನ್ನು ಸುತ್ತಿ ಹಡಗಿನ ಕಂಬಕ್ಕೆ ಕಟ್ಟುವುದು. ಅದರ ಉಲ್ಟಾ ಕೆಲಸ ಅನ್‌ಫರ್ಲ್. ಹಾಗಾಗಿ ವಸ್ತು ಬಟ್ಟೆಯ ಹಾಗೆ ಮೆತ್ತಗೆ ಇರ್ಬೇಕು, ಮೊದಲು ಸುತ್ತಿಯೋ ಮಡಚಿಯೋ ಇರ್ಬೇಕು, ಆಮೇಲೆ ಅಗಲಕ್ಕೆ ಹರಡಿಕೊಳ್ಬೇಕು. ಬಾವುಟ, ಹಾಯಿ, ಬ್ಯಾನರ್, ಕೊಡೆ ಎಲ್ಲಾ ಇದಕ್ಕೆ ಸೇರ್ತದೆ. ಕಾಗದ, ಪತ್ರ, ಮಡಚಿದ ಸೀರೆ ಆದ್ರೆ ಅನ್‌ಫೋಲ್ಡ್ ಸಾಕು. ಚಾಪೆಗೆ ಅನ್‌ರೋಲ್. ಪುಸ್ತಕ, ಬಾಗಿಲು, ಡಬ್ಬಿಗೆ ಸೀದಾ ಓಪನ್. ಇನ್ನೊಂದು ವಿಷಯ, ಯಾರೂ ಕೈ ಹಾಕದೆ ತನ್ನಷ್ಟಕ್ಕೇ ಬಿಡಿಸಿಕೊಂಡ್ರೂ ಅನ್‌ಫರ್ಲ್ ಅನ್ಬಹುದು. ಇದಕ್ಕೆ ನಿಮ್ಮ ಹಿತ್ತಲಲ್ಲೇ ಪಾಠ ಉಂಟು. ಬಾಳೆಗಿಡದ ನಡುವಿಂದ ಹೊಸ ಎಲೆ ಸುರುಳಿ ಸುತ್ತಿಕೊಂಡು ನೆಟ್ಟಗೆ ಬರ್ತದಲ್ಲ, ಅದು ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಡಿಸಿಕೊಂಡು ಪೂರ್ತಿ ಅಗಲ ಆಗ್ತದೆ. ಮಳೆಗಾಲದಲ್ಲಿ ಪಾಗಾರದ ಮೇಲೆ ಬರುವ ಜರಿಗಿಡದ ಕುಡಿಯೂ ಹಾಗೇ. ಎಲೆಗೆ ಇಂಗ್ಲಿಷಲ್ಲಿ ಬಳಸುವ ಪದ ಇದೇ, ಮಗುವನ್ನು ದಿನಾ ಬೆಳಿಗ್ಗೆ ಒಂದು ನಿಮಿಷ ಆ ಬಾಳೆಯ ಎದುರು ನಿಲ್ಲಿಸಿದ್ರೆ ನಾವು ಬೋರ್ಡಲ್ಲಿ ಹತ್ತು ಸಲ ಬರೆಸುವುದಕ್ಕಿಂತ ಚಂದ ಕಲೀತದೆ ಅಂತ ನನ್ನ ನಂಬಿಕೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮಕ್ಕಳು ಮನೆಯಲ್ಲಿ ಇಂಗ್ಲಿಷ್ ಪದ ಬಾಯಿಪಾಠ ಮಾಡುವಾಗ ಅರ್ಥ ಕೇಳ್ಬೇಡಿ, ಮಾಡಿ ತೋರಿಸು ಅಂತ ಹೇಳಿ. ಶಾಲೆಯಿಂದ ಬಂದ ಒದ್ದೆ ಕೊಡೆಯನ್ನು ಬಿಡಿಸಿ ಒಣಗ್ಲಿಕ್ಕೆ ಇಡುವುದು ಹೇಗೂ ಮಾಡ್ಲೇಬೇಕಾದ ಕೆಲಸ, ಅದನ್ನೇ ಇಂಗ್ಲಿಷಲ್ಲಿ ಹೇಳಿಸಿ. ನಮಗೆ ಇಂಗ್ಲಿಷ್ ಬರುವುದಿಲ್ಲ ಅಂತ ಕೆಲವು ಅಮ್ಮಂದಿರು ಮೀಟಿಂಗಲ್ಲಿ ಹಿಂದೆ ಕೂತ್ಕೊಳ್ತೀರಿ, ದಯವಿಟ್ಟು ಹಾಗೆ ಮಾಡ್ಬೇಡಿ, ಕೊಡೆ ಹಿಡಿದು ಕೊಡ್ಲಿಕ್ಕೆ, ಬಾಳೆ ತೋರಿಸ್ಲಿಕ್ಕೆ ಇಂಗ್ಲಿಷ್ ಬೇಡ, ಆ ಕೆಲಸ ನಿಮ್ಮಿಂದ ಆಗುವಷ್ಟು ಚಂದ ನಮ್ಮಿಂದ ಆಗುವುದಿಲ್ಲ. ಉಚ್ಚಾರ ಸ್ವಲ್ಪ ಆಚೀಚೆ ಆದ್ರೆ ನಗ್ಬೇಡಿ, ರ್ಲ್ ಅನ್ನುವುದು ದೊಡ್ಡವರ ನಾಲಿಗೆಗೂ ಸುಲಭದ್ದಲ್ಲ. ಮತ್ತೆ ಟೀಚರ್ ಬರೆದದ್ದರಲ್ಲಿ ಸಂಶಯ ಇದ್ರೆ ಮಗುವಿನ ಪುಸ್ತಕದಲ್ಲಿ ಹೊಡೆದು ಹಾಕ್ಬೇಡಿ, ಗ್ರೂಪಲ್ಲಿ ಫೋಟೋ ಹಾಕ್ಬೇಡಿ, ನನಗೆ ಫೋನ್ ಮಾಡಿ, ಶಾಲೆ ಬಿಟ್ಟ ಮೇಲೆ ಒಂದರ್ಧ ಗಂಟೆ ನಾನು ಆಫೀಸಲ್ಲೇ ಇರ್ತೇನೆ. ಸ್ಟೇಜಲ್ಲಿ ನಿಲ್ಲುವ ಮಗುವಿಗೆ ಮನೆಯವರೂ ಟೀಚರೂ ಒಂದೇ ಕಡೆ ಇದ್ದಾರೆ ಅಂತ ಗೊತ್ತಿರ್ಬೇಕು, ಇಲ್ಲಾಂದ್ರೆ ಎಷ್ಟು ಪ್ರಾಕ್ಟೀಸ್ ಮಾಡಿಸಿದ್ರೂ ಸ್ವರ ಹೊರಗೆ ಬರುವುದಿಲ್ಲ.

ನಿರೂಪಣೆಗೆ ಇರುವ ಮಕ್ಕಳು ಹಳೇ ಸ್ಕ್ರಿಪ್ಟನ್ನೇ ತರ್ಲಿ, ತಿದ್ದಿದವರು ಮೊದಲಿನ ಹಾಗೆ ಬರೆದು ಕಳಿಸಿ. ಪ್ಲಾಸ್ಟಿಕ್ ಬಾವುಟ ಕೊಡಿಸ್ಬೇಡಿ, ಕಾಗದದ್ದು ಸಾಕು, ಕಾರ್ಯಕ್ರಮ ಮುಗಿದ ಮೇಲೆ ಅದು ನೆಲಕ್ಕೆ ಬೀಳದ ಹಾಗೆ ಮನೆಗೆ ತಂದಿದ್ದಾರಾ ನೋಡಿ. ಮಳೆ ಜೋರಿದ್ರೂ ಕಾರ್ಯಕ್ರಮ ಉಂಟು, ಬಾವುಟ ಅಂಗಳದಲ್ಲೇ, ಭಾಷಣ ಒಳಗೆ ಹಾಲಲ್ಲಿ, ಎಲ್ಲರೂ ಕೊಡೆ ತನ್ನಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಮಂಗಳೂರು