ಡಬ್ಬಿ ಒಳಗ ಯಾರ ಚೀಟಿ ಎಷ್ಟಿದ್ವು ಅಂತ ಹೇಳ್ರಿ ಸಾಕು

ಇವರಿಗೆ,
ಗ್ರೀವನ್ಸ್ ಆಫೀಸರ್ (ದೂರು ನೋಡೂ ಅಧಿಕಾರಿ), ಬೆಂಗಳೂರು ಆಫೀಸ್

ವಿಷಯ: ಒಂಬತ್ತು ದಿನದ ಹಿಂದ, ಶನಿವಾರ ಎತ್ತಿದ ಲಿಮಿಟೆಡ್ ರಿಲೀಸ್ ಶೂ ರಾಫಲ್ (ಕೆಲವ ಜೋಡಿ ಇರೂ ಶೂ ಯಾರಿಗೆ ಮಾರೂದು ಅಂತ ಚೀಟಿ ಎತ್ತೂದು), ಸೈಜ್ ಯುಕೆ 9, ₹16,995

ಸರ್ ಇರ್ಲಿ ಮೇಡಂ ಇರ್ಲಿ, ನಮಸ್ಕಾರ್ರಿ.

ನಿಮ್ಮ ಆ್ಯಪ್‌ನ್ಯಾಗ ಭಾಷಾ ಆರ್ಸೂ ಕಡೆ ಕನ್ನಡ ಅಂತ ಐತಿ, ಹಂಗಾಗಿ ಕನ್ನಡದಾಗ ಬರ್ಯಾಕತ್ತೇನಿ, ಓದಾಕ ಬರೂದಿಲ್ಲ ಅಂತ ಮತ್ತ ಮೇಲ್ ಕಳಸಬ್ಯಾಡ್ರಿ. ಇನ್ನೊಂದು ಮಾತು ಮೊದಲ ಹೇಳಿಬಿಡ್ತೀನಿ, ನಾ ಸೋತೇನಿ ಅಂತ ಈ ಪತ್ರ ಬರದಿಲ್ಲ. ರಾಫಲ್ ಅಂದಮ್ಯಾಲ ನಾಕು ಮಂದಿಗೆ ಸಿಗ್ತೈತಿ, ನಾಕುನೂರು ಮಂದಿಗೆ ಸಿಗೂದಿಲ್ಲ, ಅಷ್ಟು ತಿಳುವಳಿಕಿ ಐತಿ. ಎರಡು ವರ್ಷದಾಗ ನಿಮ್ಮಲ್ಲಿ 11 ಸಲ ಎಂಟ್ರಿ ಹಾಕೇನಿ, 11 ಸಲಾನೂ 'ಬೆಟರ್ ಲಕ್ ನೆಕ್ಸ್ಟ್ ಟೈಮ್' ಬಂದೈತಿ, ಒಮ್ಮೆನೂ ತುಟಿ ಪಿಟಕ್ ಅಂದಿಲ್ಲ. ಇದು 12ನೇದು, ಈ ಸಲ ಸುಮ್ನ ಕುಂಡ್ರಾಕ ಆಗಲಿಲ್ಲ.

ನಾ ಹುಬ್ಬಳ್ಳ್ಯಾಂವ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನ್ಯಾಗ ಸಿಎನ್‌ಸಿ ಮಷೀನ್ ಮ್ಯಾಲ ದುಡೀತೀನಿ. ಹದಿನೇಳು ಸಾವಿರ ಅಂದ್ರ ನನ್ನ ಪಗಾರದಾಗ ಅರ್ಧಕ್ಕಿಂತ ಮ್ಯಾಲ. ಅವ್ವ ಅಂತೂ 'ಯಪ್ಪಾ, ಕಾಲಾಗ ಹಾಕ್ಕೊಳ್ಳೂದಕ್ಕ ಇಷ್ಟ್ಯಾಕೋ, ದುರ್ಗದ ಬೈಲ್ ಬಜಾರದಾಗ ಐದ್ನೂರಕ್ಕ ಬರ್ತಾವ' ಅಂತಾಳ. ಆಕಿಗೆ ಹೆಂಗ ತಿಳಿಸಿ ಹೇಳೂದು, 1985ರಾಗ ಬಂದ ಮೊದಲನೇ ಜೋರ್ಡನ್ ಶೂದ ಫೋಟೋ ಪೇಪರ್‌ಲಿಂದ ಕತ್ತರಿಸಿ ಗ್ವಾಡಿಗೆ ಅಂಟಿಸಿ ಬೆಳದಾಂವ ನಾನು, ಹೈಸ್ಕೂಲ್‌ನ್ಯಾಗ ಬಾಸ್ಕೆಟ್‌ಬಾಲ್ ಆಡುವಾಗ ಹರಕು ಕ್ಯಾನ್ವಾಸ್ ಬೂಟು ಹಾಕ್ಕೊಂಡು ಆಡೇನಿ. ಅದು ನನ್ನ ಹುಚ್ಚು, ಬಿಡ್ರಿ, ಅದಕ್ಕ ನೀವೇನು ಮಾಡ್ತೀರಿ.

ಆಗಿದ್ದು ಹೇಳ್ತೀನಿ. ಗುರುವಾರ ಎಂಟ್ರಿ ಓಪನ್, ಶುಕ್ರವಾರ ರಾತ್ರಿ 10ಕ್ಕ ಬಂದ್, ಶನಿವಾರ ಮುಂಜಾನೆ 11ಕ್ಕ ರಿಸಲ್ಟ್ ಅಂತ ಹಾಕಿದ್ರಿ. ಎಂಟ್ರಿ ಹಾಕಬೇಕಂದ್ರ ಸೈಜ್, ಅಡ್ರೆಸ್ ಕೊಟ್ಟು ಯುಪಿಐ ಮ್ಯಾಂಡೇಟ್‌ಲೆ ₹16,995 ಬ್ಲಾಕ್ ಮಾಡಬೇಕು (ರೊಕ್ಕ ನಮ್ಮ ಅಕೌಂಟಿನ್ಯಾಗ ಇರ್ತೈತಿ, ಖರೆ ಬಳಸಾಕ ಬರೂದಿಲ್ಲ), ಸರಿ, ಮಾಡಿದೆ. ಆಮ್ಯಾಲ ಕೆಳಗ ಒಂದು ಬ್ಯಾನರ್ ಬಂತು, ₹1,000ಕ್ಕಿಂತ ಹೆಚ್ಚಿಂದು ಏನರ ಖರೀದಿ ಮಾಡಿದ್ರ 5 ಎಂಟ್ರಿ ಎಕ್ಸ್‌ಟ್ರಾ, ಬಾಜೂಕ ಗಡಿಯಾರ ಉಲ್ಟಾ ಓಡಾಕತ್ತಿತ್ತು, 14 ನಿಮಿಷ ಉಳದೈತಿ ಅಂತ. ಗಡಿಬಿಡ್ಯಾಗ ₹1,299 ಕೊಟ್ಟು ಮೂರು ಜೋಡಿ ಸಾಕ್ಸ್ ತಗೊಂಡೆ, ಕಂಬಳಿ ಹಂಗ ದಪ್ಪ ಅದಾವ, ಹುಬ್ಬಳ್ಳಿ ಬಿಸಿಲಾಗ ಯಾಂವ ಹಾಕ್ಕೊಳ್ತಾನ ಅವನ್ನ. ಆ 14 ನಿಮಿಷ ಮುಗೀತು, ಗಡಿಯಾರ ಮತ್ತ 6 ತಾಸಿಗೆ ಬಂದು ಕುಂತ್ತು. ಸ್ಕ್ರೀನ್‌ಶಾಟ್ ಹಚ್ಚೇನಿ ನೋಡ್ರಿ. 2023ರ ನವೆಂಬರ್‌ದಾಗ ಕೇಂದ್ರ ಸರ್ಕಾರ ಡಾರ್ಕ್ ಪ್ಯಾಟರ್ನ್ ಅಂತ ಆನ್‌ಲೈನ್ ಅಂಗಡ್ಯಾಗಿನ 13 ನಮೂನಿ ಮೋಸದ ಪಟ್ಟಿ ಮಾಡೈತಿ, ಸುಳ್ಳು ಅವಸರ ತೋರ್ಸೂದು ಅದರಾಗ ಒಂದು.

ಶನಿವಾರ ನಂದು ಫಸ್ಟ್ ಶಿಫ್ಟ್. 10:42ಕ್ಕ ಚಾ ಕುಡಿಯಾಕ ಹೊರಗ ಬಂದು ಮೊಬೈಲ್ ನೋಡಿದ್ರ ನಮ್ಮ ಸ್ನೀಕರ್ (ಇಂಥಾ ಸ್ಪೋರ್ಟ್ಸ್ ಶೂ) ಹುಚ್ಚಿನ ಹುಡುಗರ ವಾಟ್ಸಾಪ್ ಗ್ರೂಪ್‌ನ್ಯಾಗ ಒಂದು ಫೋಟೋ ಬಿದ್ದೈತಿ. ಅದ ಶೂ, 14 ಬಾಕ್ಸ್ ಒಂದರ ಮ್ಯಾಲೊಂದು ಒಟ್ಟ್ಯಾರ, ಯುಕೆ 6ರಿಂದ 11ರ ತನಕ ಸೈಜ್, ಎಲ್ಲಾ ಬಾಕ್ಸ್ ಮ್ಯಾಲೂ ನಿಮ್ಮ ಸ್ಟೋರಿನ ಬಾರ್‌ಕೋಡ್ ಸ್ಟಿಕ್ಕರ್. ಕೆಳಗ 'ಇನ್ ಹ್ಯಾಂಡ್, ₹41,000, ಫಿಕ್ಸ್ ರೇಟ್' ಅಂತ, ಅಂದ್ರ ಮಾಲು ಕೈಯಾಗ ಐತಿ. ರಿಸಲ್ಟ್ ಬಂದಿಲ್ಲ ಇನ್ನಾ! 18 ನಿಮಿಷ ಐತಿ ರಿಸಲ್ಟಿಗೆ, ಗೆದ್ದವ್ರಿಗೆ ಮಾಲು ಮಂಗಳವಾರ ಕಳಸ್ತೀವಿ ಅಂತ ನೀವ ಬರದೀರಿ, ಆದ್ರ ಆ ಫೋಟೋ ಹಾಕಿದವ್ರ ಕೈಯಾಗ 14 ಜೋಡಿ ಎಲ್ಲಿಂದ ಬಂದ್ವು? ನಾ ಯಾರ ಮ್ಯಾಲೂ ಕಳ್ಳತನ ಹೊರಸಾಕತ್ತಿಲ್ರಿ. ನಿಮ್ಮ ಗೋಡೌನ್‌ಲಿಂದ ಬಾಕ್ಸ್ ಹೊರಗ ಹೆಂಗ ಬಂದ್ವು ಅಂತ ಕೇಳಾಕತ್ತೇನಿ, ಸ್ಟಿಕ್ಕರ್ ನಂಬರ್ ಕಾಣೂವಂಗ ಫೋಟೋ ಕಳಸೇನಿ, ಸ್ಕ್ಯಾನ್ ಮಾಡಿದ್ರ ಐದು ನಿಮಿಷದಾಗ ಗೊತ್ತಾಗ್ತೈತಿ.

ಸ್ನೀಕರ್ ಮಂದಿ ಇದಕ್ಕ ಬ್ಯಾಕ್‌ಡೋರ್ ಅಂತಾರ, ಮುಂದಿನ ಬಾಗಲಾಗ ರಾಫಲ್, ಹಿತ್ತಲ ಬಾಗಲಲೆ ಮಾಲು. ನನ್ನ ಬರೇ ಸಂಶಯ ಅನ್ಬ್ಯಾಡ್ರಿ. 2021ರಾಗ ಅಮೆರಿಕಾದಾಗ ನೈಕಿಯೊಳಗ ವೈಸ್ ಪ್ರೆಸಿಡೆಂಟ್ ಇದ್ದ ಒಬ್ಬ ಹೆಣ್ಮಗಳ ಮಗ, ತಾಯಿ ಹೆಸರಿನ ಕ್ರೆಡಿಟ್ ಕಾರ್ಡ್‌ಲೆ ಶೂ ಕೊಂಡು ರೀಸೇಲ್ ದಂಧೆ (ಕೊಂಡ ಶೂ ಹೆಚ್ಚಿನ ರೇಟಿಗೆ ಮಾರೂದು) ಮಾಡ್ತಾನ ಅಂತ ಸುದ್ದಿ ಹೊರಗ ಬಿತ್ತು, ಆಕಿ ಹುದ್ದೆ ಬಿಡಬೇಕಾತು. ಅಷ್ಟು ದೊಡ್ಡ ಕಂಪನ್ಯಾಗ ಇಂಥಾ ಪ್ರಶ್ನೆ ಏಳ್ತಾವ ಅಂದ್ರ ನಿಮ್ಮನ್ನ ನಾ ಕೇಳೂದರಾಗ ತಪ್ಪೇನೈತಿ.

ಈಗ ನನ್ನ ತಪ್ಪು ಹೇಳ್ತೀನಿ, ಸುಳ್ಳು ಹೇಳಿ ದೂರು ಕೊಡೂದು ಬ್ಯಾಡ. ಸಾಕ್ಸಿಗೆ ಸಿಕ್ಕ 5 ಎಕ್ಸ್‌ಟ್ರಾ ಬಿಟ್ಟು ನಾನೂ ಎರಡು ಎಂಟ್ರಿ ಹಾಕಿದ್ದೆ. ಒಬ್ಬರಿಗೆ ಒಂದ ಎಂಟ್ರಿ ಅಂತ ನಿಮ್ಮ ರೂಲ್ಸ್‌ನ್ಯಾಗ ಬರದಿದ್ರಿ, ಖರೆ ನೋಡೂನು ಅಂತ ಅಪ್ಪನ ಮೊಬೈಲ್ ನಂಬರ್ ಹಾಕಿ, ನಂದ ಜೀಮೇಲ್ ಐಡಿ ನಡುವ ಒಂದು ಚುಕ್ಕಿ ಇಟ್ಟು, ಅಡ್ರೆಸ್‌ನ್ಯಾಗ 'ಮನಿ ನಂಬರ್' ಇದ್ದಲ್ಲಿ 'ಡೋರ್ ನಂಬರ್' ಅಂತ ಬರದು ಇನ್ನೊಂದು ಹಾಕಿದೆ. ಜೀಮೇಲ್‌ಗೆ ಚುಕ್ಕಿ ಲೆಕ್ಕಕ್ಕಿಲ್ಲ, ಎರಡೂ ಮೇಲ್ ನನ್ನ ಒಂದ ಇನ್‌ಬಾಕ್ಸಿಗೆ ಬರ್ತಾವ. ನಿಮ್ಮ ಸಿಸ್ಟಮ್ ಕಣ್ಣು ಮುಚ್ಚಿ ತಗೊಂತು! ಒಂದ ಮನಿ, ಒಂದ ಬ್ಯಾಂಕ್ ಅಕೌಂಟ್, ಒಂದ ಹ್ಯಾಂಡ್‌ಸೆಟ್, ಇಬ್ಬರು ಗಿರಾಕಿ. ಹತ್ತನೇತ್ತೆ ಪಾಸಾದ ನಾನು ಎರಡು ನಿಮಿಷದಾಗ ಇಷ್ಟು ಮಾಡೇನಿ ಅಂದ್ರ, ತಾನ ಫಾರ್ಮ್ ತುಂಬೂ ಬಾಟ್ ಸಾಫ್ಟ್‌ವೇರ್ ಇಟ್ಕೊಂಡು ಕುಂತಾಂವ ರಾತ್ರಿ ಮಲಗಿ ಏಳೂದರಾಗ ಎಷ್ಟು ಸಾವಿರ ಹಾಕಿರ್ಬೇಕು ನೀವ ಹೇಳ್ರಿ.

ನನ್ನ ಮೊದಲನೇ ಮೇಲಿಗೆ ನಿಮ್ಮ ಕಸ್ಟಮರ್ ಕೇರ್‌ದವ್ರು ಆರನೇ ದಿನಕ್ಕ ಉತ್ತರ ಕೊಟ್ರು, 'ವಿಜೇತರನ್ನು ನಮ್ಮ ಸಿಸ್ಟಮ್ ಸಂಪೂರ್ಣ ರ‍್ಯಾಂಡಮ್ ಆಗಿ ಆಯ್ಕೆ ಮಾಡುತ್ತದೆ' ಅಂತ ಒಂದ ಸಾಲು. ಆತು, ಒಪ್ಕೊಂಡೆ, ರ‍್ಯಾಂಡಮ್ಮ ಅನ್ಕೋರಿ. ನನ್ನ ತಕರಾರು ಅಲ್ಲೇ ಇಲ್ಲ. ಒಂದು ಲೆಕ್ಕ ಹೇಳ್ತೀನಿ, ಅಂಕಿ ನಾ ಸುಮ್ನ ಇಟ್ಕೊಂಡಿದ್ದು, 100 ಜೋಡಿ ಶೂ, 10,000 ಎಂಟ್ರಿ. ಅದರಾಗ 8,000 ಎಂಟ್ರಿ ಒಬ್ಬಂದ ಬಾಟ್ ಹಾಕಿದ್ದು ಅಂದ್ರ ನಿಮ್ಮ ಮಷೀನು ಹರಿಶ್ಚಂದ್ರನಷ್ಟು ಪ್ರಾಮಾಣಿಕ ಇದ್ರೂ ಹತ್ತತ್ರ 80 ಜೋಡಿ ಅವನ ಮನಿಗೇ ಹೋಗ್ತಾವ. ಎತ್ತೂ ಕೈ ಸ್ವಚ್ಛ ಇದ್ರ ಆಗಲಿಲ್ರಿ, ಡಬ್ಬಿ ಒಳಗ ಯಾರ ಚೀಟಿ ಎಷ್ಟದಾವ ಅನ್ನೂದು ಮೊದಲ.

ನಮ್ಮ ಓಣ್ಯಾಗ ಭಿಶಿ (ತಿಂಗಳಾ ರೊಕ್ಕ ಕೂಡಿಸಿ, ಚೀಟಿ ಎತ್ತಿ ಒಬ್ಬರಿಗೆ ಕೊಡೂದು) ನಡೀತೈತಿ, ಹೆಣ್ಮಕ್ಕಳು 20 ಮಂದಿ, ತಿಂಗಳಿಗೆ ಎರಡು ಸಾವಿರ. ಅವ್ವ ಅದರಾಗ ಅದಾಳ. ಅಮಾಸಿ ಮುಗದ ಮರುದಿನ ಎಲ್ಲಾರೂ ಕಟ್ಟಿ ಮ್ಯಾಲ ಕುಂದರ್ತಾರ, ಮೊದಲ ಎಲ್ಲಾ ಚೀಟಿ ಬಿಚ್ಚಿ ಒಂದೊಂದ ಹೆಸರು ಓದಿ ತೋರಸ್ತಾರ, ಆಮ್ಯಾಲ ಮಡಚಿ ಸ್ಟೀಲ್ ಡಬ್ಬ್ಯಾಗ ಹಾಕಿ ಗಲಗಲ ಅಲಗಾಡ್ಸಿ ಯಾರದರ ಸಣ್ಣ ಕೂಸಿನ ಕೈಲೆ ಎತ್ತಸ್ತಾರ. ಒಂದ್ಸಲ ಒಬ್ಬಾಕಿ ಹೆಸರು ಎರಡು ಚೀಟ್ಯಾಗ ಬಂದಿತ್ತು, ಬರಿಯೂವಾಗ ಆದ ತಪ್ಪ ಇರ್ಬೇಕು, ಆದ್ರೂ ಆವತ್ತಿನ ಜಗಳ ಏನ್ ಕೇಳ್ತೀರಿ, ಮತ್ತ ಮೊದಲಿಂದ ಚೀಟಿ ಬರದು ಎತ್ತಿದ್ರು. ಏಳನೇತ್ತೆ ಕಲ್ತ ನಮ್ಮವ್ವಗ ತಿಳಿಯೂದು ನಿಮ್ಮ ಸಾಫ್ಟ್‌ವೇರ್ ಮಂದಿಗೆ ತಿಳೀಲಿಲ್ಲೇನು?

ದೊಡ್ಡ ದೊಡ್ಡ ಜಾಗಾದಾಗೂ ಇದ ಪದ್ಧತಿ ಐತಿ. ಐಪಿಒ (ಕಂಪನಿ ಮೊದಲನೇ ಸಲ ಮಂದಿಗೆ ಶೇರು ಮಾರೂದು) ತಗೋರಿ, ಸಣ್ಣ ಹೂಡಿಕೆದಾರರ ಪಾಲಿಗೆ ಅರ್ಜಿ ಭಾಳ ಬಂದ್ರ ಅಲ್ಲೂ ಡ್ರಾನ, ರೊಕ್ಕನೂ ಹಿಂಗ ಬ್ಲಾಕ್ ಆಗ್ತೈತಿ. ಆದ್ರ ಒಂದು ಪ್ಯಾನ್ ಕಾರ್ಡಿಗೆ ಒಂದ ಅರ್ಜಿ, ಎರಡು ಹಾಕಿದ್ರ ರಿಜೆಕ್ಟ್. ಎಷ್ಟು ಅರ್ಜಿ ಬಂದ್ವು, ಎಷ್ಟು ತಗದು ಹಾಕಿದ್ರು, ಎಷ್ಟರಾಗ ಎಷ್ಟು ಮಂದಿಗೆ ಸಿಕ್ತು ಅಂತ ಪೇಪರ್‌ನ್ಯಾಗ ಹಾಕ್ತಾರ. ರೈಲ್ವೇದವ್ರು ಸುದ್ಧಾ ತತ್ಕಾಲ್ ಟಿಕೀಟ್ ಬಾಟ್ ತಿಂತಾವ ಅಂತ 2025ರ ಜುಲೈ 1ರಿಂದ ಆಧಾರ್ ವೆರಿಫೈ ಆದ ಅಕೌಂಟಿಗಷ್ಟ ಆನ್‌ಲೈನ್ ತತ್ಕಾಲ್ ಅಂದ್ರು, ಏಜೆಂಟರಿಗೆ ಮೊದಲ 30 ನಿಮಿಷ ಬಾಗಲಾ ಹಾಕಿದ್ರು. ಇನ್ನ ಲಾಟರಿ, 2007ರಾಗ ನಮ್ಮ ರಾಜ್ಯದಾಗ ಬಂದ್ ಆತು, ಬಂದ್ ಆಗಿದ್ದ ಚೊಲೋ ಆತು, ನಮ್ಮ ಕಾಕಾನ ಒಂದು ಎಕರೆ ಅದಕ್ಕ ಹೋತು. ಆದ್ರ ಆ ಲಾಟರಿ ನಂಬರರ ಮರುದಿನ ಪೇಪರ್‌ನ್ಯಾಗ ಬರ್ತಿತ್ರಿ, ಕಾಕಾ ಕನ್ನಡಕ ಏರಿಸಿ ಹುಡುಕ್ತಿದ್ದ. ನಿಮ್ಮದರಾಗ ಅದೂ ಇಲ್ಲ.

ಹಂಗಂತ ಆನ್‌ಲೈನ್ ರಾಫಲ್ ತಗದು ಒಗೀರಿ ಅಂತ ನಾ ಅನ್ನೂದಿಲ್ಲ. ಸ್ಟೋರ್ ಮುಂದ ಸಾಲು ಹಚ್ಚಿಸಿದ್ರ ಅದು ಬೆಂಗಳೂರು ಮುಂಬೈದವ್ರಿಗಷ್ಟ, ನಮಗ ವಂದೇ ಭಾರತ್ ಹತ್ತಿದ್ರೂ ಆರು ತಾಸು ಮತ್ತ ಒಂದು ದಿನದ ಪಗಾರ. (ಸಾಲು ಬೇಕಂದ್ರ ಹುಬ್ಬಳ್ಳಿಗೆ ಬರ್ರಿ, ಜಗತ್ತಿನಾಗ ಉದ್ದನ ರೈಲ್ವೇ ಪ್ಲಾಟ್‌ಫಾರ್ಮ್ ನಮ್ಮದ, 1,507 ಮೀಟರ್, ಎಷ್ಟು ಮಂದಿ ಬೇಕಾದ್ರೂ ನಿಲ್ತಾರ.) ರಾಫಲ್ ಶುರು ಆದಾಗ ಖರೇನ ಖುಷಿ ಆಗಿತ್ತು, ನಮ್ಮಂಥಾ ಊರಾವ್ರಿಗೂ ಒಂದು ಚಾನ್ಸ್ ಬಂತು ಅಂತ. ಅದಕ್ಕ ಹೊಟ್ಟಿ ಉರಿಯೂದು.

ನನಗ ಶೂ ಬ್ಯಾಡ, ಕೂಪನ್ ಅಂತೂ ಬ್ಯಾಡ, ನೀವು ಕಳಸಿದ 10% ಕೂಪನ್ ಲಿಮಿಟೆಡ್ ರಿಲೀಸಿಗೆ ನಡಿಯೂದಿಲ್ಲ ಅಂತ ಕೆಳಗ ಸಣ್ಣ ಅಕ್ಷರದಾಗ ಐತಿ. ಲೆಕ್ಕ ಕೊಡ್ರಿ. ಒಟ್ಟು ಎಷ್ಟು ಎಂಟ್ರಿ, ಯಾವ ಸೈಜಿಗೆ ಎಷ್ಟು ಜೋಡಿ ಇದ್ವು, ಡಬಲ್ ಅಂತ ಎಷ್ಟು ತಗದು ಹಾಕಿದ್ರಿ, ತಗದಿದ್ರ ನಂದು ಹೆಂಗ ಉಳೀತು, ಮತ್ತ ಗೆದ್ದವ್ರ ಮೊಬೈಲ್‌ನ ಕಡೀ ನಾಕು ಅಂಕಿ ಹಾಗೂ ಪಿನ್‌ಕೋಡ್, ಹೆಸರು ಬ್ಯಾಡ. ಆ 14 ಬಾಕ್ಸಿನ ಬಗ್ಗೆ ಬರವಣಿಗಿಯೊಳಗ ಉತ್ತರ ಬೇಕು. ಮುಂದಿನ ರಾಫಲ್‌ಗೆ ನನ್ನ ಗೆಳೆಯ, ಕಂಪ್ಯೂಟರ್ ಕಲ್ತಾಂವ, ಒಂದು ಉಪಾಯ ಹೇಳ್ಯಾನ, ಎಂಟ್ರಿ ಬಂದ್ ಆದ ಕೂಡ್ಲೆ ಪೂರಾ ಪಟ್ಟಿಗೆ ಒಂದು ಹ್ಯಾಶ್ (ಪಟ್ಟಿಯಿಂದ ಕಂಪ್ಯೂಟರ್ ಲೆಕ್ಕಾ ಹಾಕಿ ಕೊಡೂ ಗುರುತಿನ ನಂಬರ್) ತಗದು ಎಲ್ಲಾರಿಗೂ ಕಾಣೂವಂಗ ಹಾಕ್ರಿ, ಆಮ್ಯಾಲ ಡ್ರಾ ಎತ್ತ್ರಿ. ಪಟ್ಟ್ಯಾಗ ಒಂದು ಅಕ್ಷರ ಬದಲಾದ್ರೂ ಹ್ಯಾಶ್ ಬ್ಯಾರೆ ಬರ್ತೈತಿ, ಹಿಂದಲಿಂದ ಯಾರ ಹೆಸರೂ ತುರುಕಾಕ ಬರೂದಿಲ್ಲ. ಖರ್ಚೂ ಇಲ್ಲ ಅದಕ್ಕ.

ರೊಕ್ಕದ ವಿಷಯ ಮರತಿದ್ದೆ. ಸೋತಮ್ಯಾಲ 24 ತಾಸಿನಾಗ ಬಿಡ್ತೀವಿ ಅಂದಿದ್ರಿ, ₹16,995 ಈ ಪತ್ರ ಬರಿಯೂ ತನಕ 9 ದಿನ ಆತು ಇನ್ನಾ ಬ್ಲಾಕ್ ಐತಿ. ಮನಿ ಬಾಡಿಗಿ ಕೊಡಾಕ ಶಿಫ್ಟ್ ಗೆಳೆಯನ ಕಡೆ ಕೈಗಡ ತಂದೇನಿ. ಅದನ್ನ ಇವತ್ತ ಬಿಡ್ರಿ, ಉಳದದ್ದು ಆಮ್ಯಾಲ ಮಾತಾಡೂನು.

2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ ದೂರು ಬಂದ 48 ತಾಸಿನಾಗ ನೀವು ಸ್ವೀಕೃತಿ ಕೊಡಬೇಕು, ಒಂದು ತಿಂಗಳದಾಗ ಬಗೀಹರಸಬೇಕು. ನೀವು ಆರು ದಿನ ತಗೊಂಡೀರಿ, ಟಿಕೆಟ್ ನಂಬರ್ ಸುದ್ಧಾ ಇಲ್ಲ. ತಿಂಗಳ ಮುಗಿಯೂ ತನಕ ಕಾಯ್ತೀನಿ, ಆಮ್ಯಾಲ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಹಚ್ಚೂದು, ಅಲ್ಲೂ ಆಗ್ಲಿಲ್ಲಂದ್ರ ಧಾರವಾಡದಾಗ ಜಿಲ್ಲಾ ಗ್ರಾಹಕರ ಆಯೋಗ ಐತಿ, ಐದು ಲಕ್ಷದೊಳಗಿನ ಕೇಸಿಗೆ ಫೀ ಇಲ್ಲ, ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ ಹತ್ತಿದ್ರ ಬರ್ತೀನಿ. ಬೆಂಗಳೂರಿಂದ ಬರೂದು ನಿಮ್ಮ ವಕೀಲರಿಗೆ ದೂರ ಆಗ್ತೈತಿ.

ಸಾಕ್ಸ್ ಇನ್ನಾ ಪ್ಯಾಕ್ ಒಡದಿಲ್ಲ, ₹1,299 ವಾಪಸ್ ಬೇಕು. ಪಿಕಪ್ ಹುಡುಗನ್ನ ಸಂಜಿ 6ರ ಮ್ಯಾಲ ಕಳಸ್ರಿ, ಹಗಲಿ ಮನ್ಯಾಗ ಅವ್ವ ಒಬ್ಬಾಕಿನ ಇರ್ತಾಳ, ಆಕಿಗೆ ಈ ಸಾಕ್ಸಿನ ವಿಷಯ ಇನ್ನಾ ಹೇಳಿಲ್ಲ.

ಇಂತಿ,
ಯುಕೆ 9ರ ಗಿರಾಕಿ, ಹುಬ್ಬಳ್ಳಿ