ರೌಡಿಪಟ್ಟಿಗೆ ಕಾಯ್ದೆಯ ಕಡಿವಾಣ ಹಾಕಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ಸನ್ಮಾನ್ಯರೇ,

ನಮ್ಮ ರಾಜ್ಯದಲ್ಲಿ ಒಬ್ಬ ನಾಗರಿಕನ ಮೇಲೆ ರೌಡಿಶೀಟ್, ಅಂದರೆ ರೌಡಿಯೆಂದು ಗುರುತಿಸಿ ಕಣ್ಣಿಡಲು ಠಾಣೆ ಇಡುವ ಕಡತ, ತೆರೆಯಲು ಅವನಿಗೆ ಶಿಕ್ಷೆಯಾಗಿರಲೇಬೇಕೆಂದಿಲ್ಲ. ಠಾಣಾಧಿಕಾರಿ ವರದಿ ಬರೆದು ಎಸಿಪಿಗೋ ಡಿವೈಎಸ್‌ಪಿಗೋ ಕಳಿಸುತ್ತಾರೆ, ಮೇಲಿನವರ ರುಜು ಬೀಳುತ್ತದೆ, ಕಡತ ತೆರೆದುಕೊಳ್ಳುತ್ತದೆ. ಹೆಸರು ಸೇರಿದವನಿಗೆ ಇದು ಗೊತ್ತಾಗುವುದು ಎಷ್ಟೋ ಸಲ ವರ್ಷಗಳ ನಂತರ. ಪಾಸ್‌ಪೋರ್ಟ್ ಪರಿಶೀಲನೆಗೆ ಬಂದ ಕಾನ್‌ಸ್ಟೇಬಲ್ ಬಾಯಿಬಿಟ್ಟಾಗ, ಇಲ್ಲವೇ ಚುನಾವಣೆ ಘೋಷಣೆಯಾದ ವಾರ ಠಾಣೆಯಿಂದ ಫೋನ್ ಬಂದಾಗ. ಈ ಪಟ್ಟಿಯಿಂದ ಹೆಸರು ತೆಗೆಸಲು ಜನರ ಪರ ಅರ್ಜಿ ಬರೆಯುವ, ವಕಾಲತ್ತು ಹಾಕುವ ವಕೀಲರು ನಾವು. ಪಟ್ಟಿಯೇ ಬೇಡ ಎನ್ನುತ್ತಿಲ್ಲ. ಸುಲಿಗೆ, ಸುಪಾರಿ ದಂಧೆ ನಡೆಸುವವರ ಮೇಲೆ ಕಣ್ಣಿಡುವುದು ಪೊಲೀಸರ ಕರ್ತವ್ಯವೇ. ಆದರೆ ಇಷ್ಟು ದೊಡ್ಡ ಅಧಿಕಾರ ಇಂದಿಗೂ ಕಾಯ್ದೆಯ ಬಲವಿಲ್ಲದೆ ನಡೆಯುತ್ತಿರುವುದು ತಪ್ಪು. ಅದನ್ನು ಸರಿಪಡಿಸುವುದು ನಿಮ್ಮ ಕೈಯಲ್ಲಿದೆ.

ರೌಡಿಶೀಟ್‌ಗೆ ಆಧಾರ ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶ. ಇದು ವಿಧಾನಮಂಡಲ ಚರ್ಚಿಸಿ ಒಪ್ಪಿದ ಕಾಯ್ದೆಯಲ್ಲ, ಇಲಾಖೆ ತನಗೆ ತಾನೇ ಬರೆದುಕೊಂಡ ಸೂಚನೆ. ಅದರ ಪ್ರಕಾರ ಗೂಂಡಾ, ಪುಂಡ, ಅಲೆಮಾರಿ, ಸಾರ್ವಜನಿಕ ಶಾಂತಿಗೆ ಅಪಾಯಕಾರಿಯಾದ ಯಾರೇ ಆದರೂ ರೌಡಿ. ಇಷ್ಟು ಅಗಲವಾದ ವ್ಯಾಖ್ಯೆಯೊಳಗೆ ಜಮೀನು ವ್ಯಾಜ್ಯದಲ್ಲಿ ಕೈಕೈ ಮಿಲಾಯಿಸಿದ ರೈತನೂ ಸೇರುತ್ತಾನೆ, ರಸ್ತೆ ತಡೆ ಮಾಡಿದ ಕಾರ್ಮಿಕ ಮುಖಂಡನೂ ಸೇರುತ್ತಾನೆ. 1962ರಲ್ಲೇ ಖರಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪೊಲೀಸರು ರಾತ್ರಿ ಹೊತ್ತು ಮನೆ ಬಾಗಿಲು ತಟ್ಟುವುದನ್ನು ರದ್ದು ಮಾಡಿತು. ಇಲಾಖೆಯ ನಿಯಮಾವಳಿಗೆ ಕಾನೂನಿನ ಬಲವಿಲ್ಲ, ಅದನ್ನು ಹಿಡಿದು ವ್ಯಕ್ತಿಸ್ವಾತಂತ್ರ್ಯಕ್ಕೆ ಕೈಹಾಕುವಂತಿಲ್ಲ ಎಂಬುದೇ ಅದಕ್ಕೆ ಕಾರಣವಾಗಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬಂದದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಇಷ್ಟಾದರೂ ಬೀಟ್ ಪೊಲೀಸರು ಅವೇಳೆಯಲ್ಲಿ ಮನೆಗೆ ಹೋಗಿ ಹೆಂಡತಿ ಮಕ್ಕಳನ್ನು ಎಬ್ಬಿಸಿ ಫೋಟೊ ತೆಗೆದುಕೊಳ್ಳುವ ದೂರುಗಳು ನಿಂತಿಲ್ಲ.

ಶೀಟ್ ತೆರೆದ ಮೇಲೆ ನಡೆಯುವುದನ್ನು ನೋಡಿ. ಹಬ್ಬಕ್ಕೆ, ಚುನಾವಣೆಗೆ ಮುಂಚೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಅಥವಾ 129ನೇ ಕಲಮಿನಡಿ ಶಾಂತಿ, ಸನ್ನಡತೆ ಕಾಪಾಡುವೆನೆಂಬ ಮುಚ್ಚಳಿಕೆ (ಬಾಂಡ್) ಬರೆಸಿಕೊಳ್ಳುತ್ತಾರೆ. ಮೊದಲನೆಯದಕ್ಕೆ ಒಂದು ವರ್ಷ, ಎರಡನೆಯದಕ್ಕೆ ಮೂರು ವರ್ಷದವರೆಗೆ ಅವಧಿ. 130ನೇ ಕಲಮಿನ ಪ್ರಕಾರ, ಬಂದ ಮಾಹಿತಿಯ ಸಾರಾಂಶ, ಬಾಂಡ್ ಮೊತ್ತ, ಅವಧಿ, ಜಾಮೀನುದಾರರ ಸಂಖ್ಯೆ ಇಷ್ಟೂ ಆದೇಶದಲ್ಲಿ ಇರಬೇಕು. ಎಷ್ಟೋ ಆದೇಶಗಳು ಅಚ್ಚು ಹಾಕಿಸಿಟ್ಟ ನಮೂನೆಗಳು. ಹೆಸರು, ವಿಳಾಸ ಮಾತ್ರ ಪೆನ್ನಿನಲ್ಲಿ ತುಂಬಿರುತ್ತದೆ. 'ಸಾರಾಂಶ'ದ ಜಾಗದಲ್ಲಿ ಈತ ರೌಡಿ ಆಸಾಮಿ ಎಂಬ ಒಂದು ಸಾಲು, ಅದಕ್ಕೆ ಆಧಾರ ಮತ್ತೆ ಅದೇ ಶೀಟ್. ಕಮಿಷನರೇಟ್ ಇರುವ ನಗರಗಳಲ್ಲಂತೂ ವರದಿ ಕೊಡುವವರೂ ಪೊಲೀಸರು, ಅದನ್ನು ಕೇಳಿ ತೀರ್ಮಾನಿಸುವ ವಿಶೇಷ ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಪೊಲೀಸ್ ಅಧಿಕಾರಿ. ಕೂಲಿ ಮಾಡುವವನಿಗೆ ಪಹಣಿ ಇಟ್ಟು ಜಾಮೀನು ನಿಲ್ಲುವವರು ಸಿಗುವುದಿಲ್ಲ. ಜಾಮೀನು ಕೊಡದಿದ್ದರೆ 141ನೇ ಕಲಮಿನಡಿ ಜೈಲು. ಮುಂದೆ ಗಡಿಪಾರು ಪ್ರಸ್ತಾವ ಬಂದರೂ, ಗೂಂಡಾ ಕಾಯ್ದೆಯಡಿ 12 ತಿಂಗಳವರೆಗೆ ಬಂಧನದಲ್ಲಿಡುವ ಪ್ರಸ್ತಾವ ಬಂದರೂ ಕಡತದ ಮೊದಲ ಪುಟದಲ್ಲಿ ಉಲ್ಲೇಖವಾಗುವುದು ಇದೇ ಶೀಟ್.

ಖುಲಾಸೆಯಾದರೂ ಶೀಟ್ ತಾನಾಗಿ ಮುಚ್ಚುವುದಿಲ್ಲ. ತನಿಖಾಧಿಕಾರಿಯೇ ಬಿ ರಿಪೋರ್ಟ್ (ಮೊಕದ್ದಮೆಗೆ ಆಧಾರವಿಲ್ಲವೆಂಬ ಮುಕ್ತಾಯ ವರದಿ) ಹಾಕಿದ ಪ್ರಕರಣ ಕೂಡ ಶೀಟಿನಲ್ಲಿ ಒಂದು ಅಂಕಿಯಾಗಿ ಉಳಿದಿರುತ್ತದೆ. ನ್ಯಾಯಾಲಯದ ತೀರ್ಪನ್ನು ಠಾಣೆಗೆ ತಲುಪಿಸಿ ಕಡತಕ್ಕೆ ಸೇರಿಸುವ ಹೊಣೆ ಇಂಥವರದೇ ಎಂದು ಯಾರಿಗೂ ಕಟ್ಟಿಲ್ಲ. ಪಾಸ್‌ಪೋರ್ಟ್ ಕಾಯ್ದೆಯ 6(2)ನೇ ಕಲಮಿನಲ್ಲಿ ನಿರಾಕರಣೆಯ ಕಾರಣಗಳನ್ನು ಎಣಿಸಿ ಕೊಟ್ಟಿದ್ದಾರೆ, ರೌಡಿಶೀಟ್ ಅವುಗಳಲ್ಲಿ ಇಲ್ಲ. ಆದರೂ ಠಾಣೆಯ ವರದಿಯಲ್ಲಿ ಆ ಒಂದು ಪದ ಬಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಹೆಸರು ತೆಗೆಸಲು ಹೊರಟವನಿಗೆ ಮೊದಲು ಬೇಕಾದದ್ದು ಆದೇಶದ ಪ್ರತಿ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ತನಿಖೆಗೆ ಅಡ್ಡಿಯಾಗುತ್ತದೆಂದು 8(1)(ಎಚ್) ತೋರಿಸಿ ತಿರಸ್ಕರಿಸುತ್ತಾರೆ. ಎಲ್ಲ ಪ್ರಕರಣವೂ ಮುಗಿದವನ ವಿಷಯದಲ್ಲಿ ಅಡ್ಡಿಯಾಗಲು ಯಾವ ತನಿಖೆ ಉಳಿದಿದೆ? ಪ್ರತಿ ಇಲ್ಲದೆ ಹೈಕೋರ್ಟಿಗೆ ರಿಟ್ ಹಾಕುವುದು ಕಷ್ಟ, ಕಲಬುರಗಿಯ ಕೂಲಿಗೂ ಕೊಡಗಿನ ತೋಟದ ಆಳಿಗೂ ರಿಟ್‌ನ ಖರ್ಚೇ ಭಾರ. ಹೆಸರು ಸೇರಿಸುವ ಮುನ್ನ ನೋಟಿಸ್ ಕೊಡಬೇಕು, ಅಹವಾಲು ಕೇಳಬೇಕು, ಕಾಲಕಾಲಕ್ಕೆ ಮರುಪರಿಶೀಲಿಸಬೇಕು ಎಂದು 2022ರಲ್ಲಿ ನಮ್ಮ ಹೈಕೋರ್ಟ್ ಮಾರ್ಗಸೂಚಿ ಕೊಟ್ಟಿತು. 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಪ್ರಕರಣವೊಂದರಲ್ಲಿ, ಹಿಸ್ಟರಿ ಶೀಟ್ (ನಮ್ಮ ರೌಡಿಶೀಟ್‌ನಂಥದೇ ಕಡತ) ಇಲಾಖೆಯ ಒಳಗಿನ ದಾಖಲೆ, ಸಾರ್ವಜನಿಕವಾಗಿ ಬಿತ್ತರಿಸತಕ್ಕದ್ದಲ್ಲ ಎಂದಿತು. ಹಿಂದುಳಿದ, ಪರಿಶಿಷ್ಟ ಸಮುದಾಯಗಳ ಅಮಾಯಕರ ಹೆಸರು ಯಾಂತ್ರಿಕವಾಗಿ ಸೇರುತ್ತಿರುವುದರ ಬಗ್ಗೆ ಕಳವಳಪಟ್ಟು, ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ನೋಡಿಕೊಳ್ಳಲಿ ಎಂದೂ ಹೇಳಿತು. ಇಲ್ಲಿ ರೌಡಿ ಪರೇಡ್ ಎಂದರೆ ಟಿವಿ ಕ್ಯಾಮೆರಾಗಳ ಮುಂದೆ ಸಾಲಾಗಿ ನಿಲ್ಲಿಸುವುದು.

ದೂರು ಹೇಳಿಕೊಳ್ಳಲು ಜಾಗಗಳು ಕಾಗದದಲ್ಲಿವೆ. ಮಾನವ ಹಕ್ಕುಗಳ ಆಯೋಗಕ್ಕೆ ಹೋದರೆ 1993ರ ಕಾಯ್ದೆಯ 36(2)ನೇ ಕಲಮು ಅಡ್ಡ ಬರುತ್ತದೆ: ಘಟನೆ ನಡೆದು ಒಂದು ವರ್ಷ ದಾಟಿದ್ದರೆ ವಿಚಾರಣೆ ಮಾಡುವಂತಿಲ್ಲ. ಗುಟ್ಟಾಗಿ ತೆರೆದ ಶೀಟ್‌ಗೆ ವರ್ಷದ ಲೆಕ್ಕ ಎಲ್ಲಿಂದ? ಆಯೋಗ ಒಪ್ಪಿದರೂ 18ನೇ ಕಲಮಿನಡಿ ಅದು ಕೊಡುವುದು ಶಿಫಾರಸು. ಇನ್ನು ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ. ಅದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರಬೇಕೆಂದು ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪು ಹೇಳಿತ್ತು. ನಾವು ಸರ್ಕಾರದ ಆಡಳಿತಾಧಿಕಾರಿಯಾದ ಪ್ರಾದೇಶಿಕ ಆಯುಕ್ತರನ್ನು ಕೂರಿಸಿದ್ದೇವೆ. ಸಾಕ್ಷ್ಯದ ಮಾತಿಗೆ ಬಂದರೆ, ಠಾಣೆಯ ಸಿಸಿಟಿವಿ ದೃಶ್ಯ 18 ತಿಂಗಳು ಇರಬೇಕೆಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಕೇಳಿದಾಗ ಬರುವ ಉತ್ತರ, ಕ್ಯಾಮೆರಾ ಕೆಟ್ಟಿತ್ತು ಅಥವಾ ಹಳೆಯದು ಅಳಿಸಿಹೋಗಿದೆ.

ಕೆಲವು ಕೆಲಸಗಳಿಗೆ ನಿಮ್ಮ ಒಂದು ಸುತ್ತೋಲೆ ಸಾಕು. ಶೀಟ್ ತೆರೆಯುವ ಮುಂಚೆ ಲಿಖಿತ ನೋಟಿಸ್ ಕೊಡಲಿ, ಉತ್ತರಕ್ಕೆ 15 ದಿನ ಸಿಗಲಿ, ಕಾರಣ ಬರೆದ ಆದೇಶದ ಪ್ರತಿಯನ್ನು ಕೈಗೇ ಕೊಡಲಿ. ಖುಲಾಸೆ ಅಥವಾ ಬಿ ರಿಪೋರ್ಟ್ ಆದ 30 ದಿನದೊಳಗೆ ಬೇರೆ ಉಪವಿಭಾಗದ ಅಧಿಕಾರಿ ಶೀಟ್ ಮರುಪರಿಶೀಲಿಸಲಿ. ಫೋನಿನಲ್ಲಿ 'ಸ್ಟೇಷನ್‌ಗೆ ಬಾ' ಎನ್ನುವುದು ನಿಲ್ಲಲಿ. ಹಾಜರಾಗುವಂತೆ ಆರೋಪಿಗೆ ಕೊಡುವ, ಅದೇ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸನ್ನೂ ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಾಗ, ಆರೋಪವೇ ಇಲ್ಲದವನನ್ನು ಬಾಯಿಮಾತಿನಲ್ಲಿ ಕರೆಯಲು ಯಾವ ಅಧಿಕಾರವಿದೆ? ಕರೆಸಿದರೆ ಬಂದ ಹೊತ್ತು, ಕಳಿಸಿದ ಹೊತ್ತು ಠಾಣಾ ದಿನಚರಿಯಲ್ಲಿ ನಮೂದಾಗಲಿ. ಪರೇಡಿಗೆ ಮಾಧ್ಯಮದವರನ್ನು ಕರೆಯುವ ಅಧಿಕಾರಿಯ ಮೇಲೆ ಶಿಸ್ತುಕ್ರಮ ಆಗಲಿ.

ಉಳಿದದ್ದಕ್ಕೆ ವಿಧೇಯಕ ಬೇಕು. ರೌಡಿ ಎಂದರೆ ಯಾರು, ಎಷ್ಟು ವರ್ಷ, ಮೇಲ್ಮನವಿ ಯಾರಿಗೆ ಎಂಬುದನ್ನು 1963ರ ಕರ್ನಾಟಕ ಪೊಲೀಸ್ ಕಾಯ್ದೆಯೊಳಗೇ ಬರೆಯಬೇಕು. ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷತೆ ನಿವೃತ್ತ ನ್ಯಾಯಾಧೀಶರಿಗೆ ಹೋಗಬೇಕು, ಹೆಸರು ತೆಗೆಯಲು ಆದೇಶಿಸುವ ಅಧಿಕಾರ ಅದಕ್ಕಿರಬೇಕು. ಮುಂದಿನ ಅಧಿವೇಶನಕ್ಕೆ ಕರಡು ಸಿದ್ಧಪಡಿಸಲು ಗೃಹ ಮತ್ತು ಕಾನೂನು ಇಲಾಖೆಗಳಿಗೆ ಸೂಚಿಸಿ, ಅದನ್ನು ಸಾರ್ವಜನಿಕರ ಆಕ್ಷೇಪಣೆಗೆ ಪ್ರಕಟಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ರೌಡಿಪಟ್ಟಿ ಪ್ರಕರಣಗಳನ್ನು ನಡೆಸುವ ವಕೀಲರು